ಸುವರ್ಣಗಡ್ಡೆ ಹೂವಿನ ನಾತ ಹೋಗಿಸಿದ್ದು ಹೀಗೆ

ಮೇ ತಿಂಗಳಲ್ಲಿ ಮನೆಯೊಳಗೆ ಇಲಿ ಸತ್ತ ಹಾಗೆ ವಾಸನೆ ಶುರುವಾಯಿತು. ಫ್ರಿಜ್ ಹಿಂದೆ ನೋಡಿದೆ, ಸಿಂಕಿನ ಪೈಪಿಗೆ ಬಿಸಿನೀರು ಸುರಿದೆ, ಊದುಬತ್ತಿ ಹಚ್ಚಿದೆ. ಊದುಬತ್ತಿ ಸೇರಿ ವಾಸನೆ ಇನ್ನೂ ಜಾಸ್ತಿಯೇ ಆಯಿತು. ಕೊನೆಗೆ ಅಡುಗೆಮನೆ ಪಕ್ಕದ ಕುಂಡದ ಮೇಲೆ ನೊಣ ಮುತ್ತಿದ್ದು ಕಂಡಿತು. ಅಮ್ಮ ಊರಿಂದ ಕೊಟ್ಟಿದ್ದ ಸುವರ್ಣಗಡ್ಡೆ, ಎಲೆ ಬರುವ ಮೊದಲೇ ಹೂ ಬಿಟ್ಟಿತ್ತು!

ಈ ಹೂವು ಕೊಳೆತ ಮಾಂಸದಂತೆ ನಾರುವುದು ನೊಣ, ಜೀರುಂಡೆಗಳನ್ನು ಕರೆಯಲು. ನಾತ ಬರುವುದು ಮುಖ್ಯವಾಗಿ ತುದಿಯ ನೇರಳೆ ಬಣ್ಣದ ಉಬ್ಬಿದ ಗುಬುಟಿನಿಂದ. ಹಾಗಾಗಿ ಗಿಡ ಎಸೆಯಬೇಕಿಲ್ಲ. ಕೈಗೆ ಕವರ್ ಹಾಕಿಕೊಂಡು, ಯಾಕೆಂದರೆ ಇದರ ರಸ ತಾಗಿದರೆ ವಿಪರೀತ ತುರಿಕೆ, ಆ ಗುಬುಟನ್ನಷ್ಟೇ ಚಾಕುವಿನಿಂದ ಕತ್ತರಿಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಹೊರಗೆ ಸಾಗಿಸಿದೆ. ಕಿಟಕಿ ತೆರೆದು ಎಕ್ಸಾಸ್ಟ್ ಫ್ಯಾನ್ ಓಡಿಸಿದೆ. ಸಂಜೆಗೆ ಮನೆ ಮನೆಯಂತಾಯಿತು.

ಕತ್ತರಿಸಲು ಮನಸ್ಸಿಲ್ಲದಿದ್ದರೆ ಕುಂಡವನ್ನು ಟೆರೇಸಿಗೆ ಒಯ್ಯಿರಿ, ಜೋರು ನಾತ ಒಂದೆರಡು ದಿನ ಮಾತ್ರ. ಹೂ ಬಾಡಿದ ಮೇಲೆ ನಮ್ಮ ಗಡ್ಡೆಯಿಂದ ಛತ್ರಿಯಂಥ ಚೆಂದದ ಎಲೆ ಬಂದಿದೆ, ಅದಕ್ಕೆ ವಾಸನೆಯೇ ಇಲ್ಲ.