ಮೊದಲು ಉಪಕಾರ ಮಾಡುವವನು: ಮೋಡಿ ಮಾಡುವ ಅಪರಾಧಿಯನ್ನು ಗುರುತಿಸುವ ಬಗೆ

1975ರ ಸುಮಾರಿಗೆ ಥಾಯ್ಲೆಂಡಿನಲ್ಲಿ ರತ್ನದ ವ್ಯಾಪಾರಿಯೆಂದು ಹೇಳಿಕೊಂಡಿದ್ದ ಸರಣಿ ಕೊಲೆಗಾರ ಚಾರ್ಲ್ಸ್ ಶೋಭರಾಜ್, ಇಬ್ಬರು ಫ್ರೆಂಚ್ ಪ್ರವಾಸಿಗಳಿಗೆ ಅವರ ಕಳೆದುಹೋದ ಪಾಸ್‌ಪೋರ್ಟುಗಳನ್ನು ಹುಡುಕಿಕೊಟ್ಟ. ಅವುಗಳನ್ನು ಕದ್ದಿದ್ದವನು ಅವನೇ. ಭೇದಿಯಿಂದ ಬಳಲುತ್ತಿದ್ದ ಇನ್ನೊಬ್ಬ ಯುವಕನನ್ನು ತನ್ನ ಮನೆಯಲ್ಲಿಟ್ಟುಕೊಂಡು ಆರೈಕೆ ಮಾಡಿದ. ಆ ಕಾಯಿಲೆಯೂ ಅವನು ಕೊಟ್ಟ ವಿಷದಿಂದಲೇ ಬಂದದ್ದು. ಪಾಸ್‌ಪೋರ್ಟ್ ಕಳೆದುಕೊಂಡ ಇಬ್ಬರೂ ತಮ್ಮ ದೇಶದಲ್ಲಿ ಪೊಲೀಸ್ ಕೆಲಸ ಮಾಡಿದ್ದವರು ಎಂಬುದನ್ನು ಗಮನಿಸಬೇಕು. ಮೋಸಹೋಗುವವರು ದಡ್ಡರು ಎಂಬ ನಂಬಿಕೆ ಎಷ್ಟು ತಪ್ಪೆಂಬುದಕ್ಕೆ ಇಷ್ಟೇ ಸಾಕು.

ಆದ್ದರಿಂದ ಇಂಥವರನ್ನು ಗುರುತಿಸಲು ಹೊರಟವರು ಮೊದಲು ನೋಡಬೇಕಾದದ್ದು ಅವರ ಮಾತಿನ ಚಮತ್ಕಾರವನ್ನಲ್ಲ, ಅವರು ನಿಮ್ಮ ಯಾವ ಕೊರತೆಯನ್ನು ತುಂಬಲು ಬಂದಿದ್ದಾರೆ ಎಂಬುದನ್ನು. ನಿಮಗೆ ತುರ್ತಾಗಿ ಬೇಕಾದದ್ದು ಕೆಲಸವೋ, ಸಾಲವೋ, ಮದುವೆಯೋ, ಕಾಯಿಲೆಗೆ ಔಷಧಿಯೋ ಎಂಬುದನ್ನು ನೀವೇ ಒಮ್ಮೆ ನಿಮ್ಮಷ್ಟಕ್ಕೆ ಹೇಳಿಕೊಳ್ಳಿ. ಹೊಸ ಪರಿಚಯದವರು ಸರಿಯಾಗಿ ಅದನ್ನೇ, ಅದೂ ನೀವು ಕೇಳುವ ಮುನ್ನವೇ, ಕೈಯಲ್ಲಿ ಹಿಡಿದು ಬಂದರೆ ಅಲ್ಲಿ ಒಂದು ಕ್ಷಣ ನಿಲ್ಲಬೇಕು.

ಇದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಸೈನೈಡ್ ಮೋಹನ್’ ಎಂದು ಕುಖ್ಯಾತನಾದ ಮೋಹನ್ ಕುಮಾರ್ ಹಿಂದೆ ಶಾಲಾ ಶಿಕ್ಷಕನಾಗಿದ್ದವನು, 2009ರಲ್ಲಿ ಬಂಧಿತನಾದ. ದಕ್ಷಿಣ ಕನ್ನಡ ಮತ್ತು ಸುತ್ತಮುತ್ತಲಿನ ಬಡ ಮನೆಗಳ ಅವಿವಾಹಿತ ಹೆಣ್ಣುಮಕ್ಕಳಿಗೆ ಬೇರೆ ಬೇರೆ ಹೆಸರು ಹೇಳಿ, ತಾನು ಸರ್ಕಾರಿ ನೌಕರ, ವರದಕ್ಷಿಣೆ ಬೇಡ ಎಂದು ನಂಬಿಸುತ್ತಿದ್ದ. ವರದಕ್ಷಿಣೆ ಹೊಂದಿಸಲಾಗದೆ ವರ್ಷಗಟ್ಟಲೆ ಮದುವೆ ಮುಂದಕ್ಕೆ ಹೋದ ಮನೆಯಲ್ಲಿ ಆ ಒಂದು ಮಾತಿಗೆ ಎಷ್ಟು ತೂಕವಿರುತ್ತದೆ ಎಂಬುದನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದ. ಮೈಸೂರು, ಮಡಿಕೇರಿ, ಬೆಂಗಳೂರಿನಂಥ ದೂರದ ಊರಿನ ಲಾಡ್ಜಿಗೆ ಕರೆದೊಯ್ದು, ಮರುದಿನ ಒಡವೆಗಳನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಬಂದು, ಗರ್ಭ ನಿಲ್ಲದಿರಲು ಎಂದು ಒಂದು ಮಾತ್ರೆ ಕೊಟ್ಟು, ಶೌಚಾಲಯದೊಳಗೆ ಹೋಗಿ ನುಂಗುವಂತೆ ಹೇಳುತ್ತಿದ್ದ. ಅದು ಸೈನೈಡ್. ಮಗಳು ಯಾರನ್ನೋ ಕಟ್ಟಿಕೊಂಡು ಹೋಗಿದ್ದಾಳೆಂದು ತಿಳಿದ ಕೆಲವು ಮನೆಗಳವರು ನಾಚಿಕೆಯಿಂದ ದೂರನ್ನೂ ಕೊಡಲಿಲ್ಲ. ಮಂಗಳೂರಿನ ನ್ಯಾಯಾಲಯ 2013ರಲ್ಲಿ ಅವನನ್ನು ಮೊದಲ ಬಾರಿಗೆ ತಪ್ಪಿತಸ್ಥನೆಂದು ತೀರ್ಮಾನಿಸಿತು.

ಈ ಸರಣಿಯ ಪ್ರತಿ ಹೆಜ್ಜೆಯಲ್ಲೂ ಆ ಹೆಣ್ಣುಮಗಳು ತನ್ನವರಿಂದ ಇನ್ನಷ್ಟು ದೂರವಾಗುತ್ತಾಳೆ: ಮೊದಲು ಗುಟ್ಟು, ಆಮೇಲೆ ಬೇರೆ ಊರು, ಕೊನೆಗೆ ಒಬ್ಬಳೇ ಇರುವ ಬಾಗಿಲು ಹಾಕಿದ ಜಾಗ. ಆದುದರಿಂದ ಪರೀಕ್ಷೆಯನ್ನೂ ಅಲ್ಲೇ ಮಾಡಬೇಕು. ‘ಹದಿನೈದು ದಿನ ಬಿಟ್ಟು ಹೇಳುತ್ತೇನೆ’ ಎನ್ನಿ. ‘ನಮ್ಮ ಚಿಕ್ಕಪ್ಪ ನಿಮ್ಮ ಮನೆಗೆ ಬಂದು ನೋಡಿಕೊಂಡು ಹೋಗುತ್ತಾರೆ’ ಎನ್ನಿ. ಪ್ರಾಮಾಣಿಕರಿಗೆ ಇದರಿಂದ ಬೇಸರವಾದರೂ ಹಾದಿ ತಪ್ಪುವುದಿಲ್ಲ. ಮೋಸಗಾರನಿಗೆ ಕಾಲಾವಕಾಶವೂ ಮೂರನೆಯವರ ಕಣ್ಣೂ ಸಹಿಸದು. ಅವನು ಮುನಿಸಿಕೊಳ್ಳುತ್ತಾನೆ, ‘ನನ್ನ ಮೇಲೆ ನಂಬಿಕೆ ಇಲ್ಲವೇ’ ಎಂದು ನಿಮ್ಮಲ್ಲೇ ತಪ್ಪಿತಸ್ಥ ಭಾವ ಹುಟ್ಟಿಸುತ್ತಾನೆ, ಇಲ್ಲವೇ ಈ ಅವಕಾಶ ನಾಳೆ ಇರದು ಎಂದು ಅವಸರಪಡಿಸುತ್ತಾನೆ. ನನ್ನ ದೃಷ್ಟಿಯಲ್ಲಿ ಈ ‘ನಂಬಿಕೆ ಇಲ್ಲವೇ’ ಎಂಬ ಪ್ರಶ್ನೆಗಿಂತ ಖಚಿತವಾದ ಎಚ್ಚರಿಕೆ ಬೇರೊಂದಿಲ್ಲ.

ಇಂಥ ಇಲಾಖೆಯಲ್ಲಿ ನೌಕರಿ ಎಂದು ಹೇಳಿದರೆ ಆ ಕಚೇರಿಗೆ ನೇರವಾಗಿ ಹೋಗಿ ವಿಚಾರಿಸಿ; ಅವನೇ ಕೊಟ್ಟ ಫೋನ್ ನಂಬರಿಗೆ ಕರೆ ಮಾಡಿ ಖಾತರಿ ಮಾಡಿಕೊಂಡರೆ ಪ್ರಯೋಜನವಿಲ್ಲ. ಅವನೊಡನೆ ಪ್ರಯಾಣ ಹೊರಟರೆ ಒಡವೆ ಮನೆಯಲ್ಲಿರಲಿ, ಹೋಗುವ ಊರು, ಉಳಿಯುವ ಜಾಗ ಮನೆಯ ಒಬ್ಬರಿಗಾದರೂ ಗೊತ್ತಿರಲಿ. ಅಪರಿಚಿತರು ಕೊಟ್ಟ ಮಾತ್ರೆಯನ್ನು ಯಾವ ಕಾರಣಕ್ಕೂ ನುಂಗಬಾರದು. 1976ರಲ್ಲಿ ದೆಹಲಿಯಲ್ಲಿ ಶೋಭರಾಜ್ ಫ್ರೆಂಚ್ ವಿದ್ಯಾರ್ಥಿಗಳ ತಂಡವೊಂದಕ್ಕೆ ಭೇದಿಗೆ ಔಷಧಿ ಎಂದೇ ಗುಳಿಗೆ ಹಂಚಿದ್ದ. ಕೆಲವರು ಅಲ್ಲೇ ಕುಸಿದು ಬಿದ್ದುದರಿಂದ ಉಳಿದವರಿಗೆ ಸಂಶಯ ಬಂದು ಅವನನ್ನು ಹಿಡಿದುಕೊಟ್ಟರು.

ನಿಮ್ಮ ಮನೆಯವರೇ ಇಂಥವನ ಬಲೆಯಲ್ಲಿದ್ದಾರೆ ಎನಿಸಿದರೆ ಮಾಡಬೇಕಾದದ್ದು ಬೇರೆ, ಮತ್ತು ಇದು ಹೆಚ್ಚು ಕಷ್ಟದ ಕೆಲಸ. ‘ನಿನಗೆ ಬುದ್ಧಿ ಇದೆಯೇ’ ಎಂದು ಗದರಿದರೆ ಅವರು ಅವನ ಕಡೆಗೇ ಸರಿಯುತ್ತಾರೆ, ಏಕೆಂದರೆ ‘ನಿನ್ನವರಿಗೆ ನಿನ್ನ ಮೇಲೆ ಪ್ರೀತಿಯಿಲ್ಲ’ ಎಂದು ಅವನು ಮೊದಲೇ ಹೇಳಿಟ್ಟಿರುತ್ತಾನೆ. ಅವನ ಬಗ್ಗೆ ಆಸಕ್ತಿಯಿಂದ ಕೇಳಿ, ಊಟಕ್ಕೆ ಕರೆಯಿರಿ, ಹೆಸರು, ಊರು, ಫೋಟೊ, ವಾಹನದ ಸಂಖ್ಯೆ ಬರೆದಿಟ್ಟುಕೊಳ್ಳಿ. ಮದುವೆಯಾಗುವುದಾಗಿ ಸುಳ್ಳು ಭರವಸೆ ಕೊಟ್ಟು ದೈಹಿಕ ಸಂಬಂಧ ಬೆಳೆಸುವುದು ಭಾರತೀಯ ನ್ಯಾಯ ಸಂಹಿತೆಯ 69ನೆಯ ಕಲಮಿನಡಿ ಹತ್ತು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಮನೆಯವರು ಕಾಣೆಯಾಗಿದ್ದರೆ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿ. ಊರವರು ಏನೆಂದಾರು ಎಂದು ಬೆಳಗಿನವರೆಗೆ ಕಾಯಬೇಡಿ.