ಹಳೇ ತಡೆಗೋಡೆ ಒಡೆಯದೆ ಮನೆ ಕಟ್ಟಿಸಿದ್ದು: ನನ್ನ ಅನುಭವ

ಇಳಿಜಾರಿನ ಮಣ್ಣು ತಡೆದು ನಿಂತ ಹಳೇ ಗೋಡೆ ಒಡೆಯಲೇಬೇಕು ಅಂತ ಎಲ್ಲರೂ ಹೇಳಿದ್ದರು. ನಾನು ಒಡೆಸಲಿಲ್ಲ. ಈಗ ಅದರ ಹಿಂದೆ ಎರಡಂತಸ್ತಿನ ಮನೆ ನಿಂತಿದೆ. ಹಸ್ತ, ಚಿತ್ತಿ ಮಳೆ ಜೋರಾಗಿ ಹೊಡೆದ ಮೇಲೂ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟು ನೋಡಿದೆ, ಗೋಡೆ ಮುಂದಕ್ಕೆ ಬಂದಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮನೆ ನನ್ನದಲ್ಲ, ಮಾಲಕರು ಬೇರೆ, ಕಟ್ಟಿಸಿಕೊಟ್ಟದ್ದು ನಾನು. ಕಲಬುರಗಿಯಲ್ಲಿ ಅಪ್ಪನ ಕೆರೆ ಕಡೆ ಇಳಿಜಾರಿರುವ ಜಾಗ. ಶಹಾಬಾದ್ ಕಲ್ಲಿನ ಗೋಡೆ, ಸುಮಾರು ಹತ್ತಡಿ ಎತ್ತರ, ನಲವತ್ತಡಿ ಉದ್ದ. ಹಿಂದೆ ಪೂರ್ತಿ ಎರೆಮಣ್ಣು. ನಡುವೆ ಹೊಟ್ಟೆ ಬಿಟ್ಟಿತ್ತು, ಪಕ್ಕದಲ್ಲೇ ಬಿರುಕು. ಹಿರಿಯ ಗೌಂಡಿಯೊಬ್ಬರು ನೋಡಿ, "ಸರ, ಈ ಗ್ವಾಡಿ ಮುಂದಿನ ಮಳಿಗಾಲ ದಾಟಂಗಿಲ್ರಿ" ಅಂದರು. ಆರ್‌ಸಿಸಿ ಗೋಡೆಗೆ ಏಳು ಲಕ್ಷದ ಹತ್ತಿರ ಎಸ್ಟಿಮೇಟ್ ಬಂದಿತ್ತು. ಆದರೆ ಆ ಎಸ್ಟಿಮೇಟ್ ಕೊಟ್ಟವರು ಯಾರೂ ಗೋಡೆಯ ಬುಡ ಅಗೆದು ನೋಡಿರಲಿಲ್ಲ.

ನಾನು ಮೊದಲು ಅಗೆಸಿದೆ. ಮುಂದೆ ಎರಡು ಗುಂಡಿ, ಹಿಂದೆ ಒಂದು. ಮೇಲೆ ಒಂದೂವರೆ ಅಡಿ ಇದ್ದ ಗೋಡೆ ಬುಡದಲ್ಲಿ ಐದಡಿ ಅಗಲ ಸಿಕ್ಕಿತು. ಕಟ್ಟಿದವರು ಕಲ್ಲಿಗೆ ಜಿಪುಣತನ ಮಾಡಿರಲಿಲ್ಲ. ಲೆಕ್ಕ ಹಾಕಿದೆ. ಹಿಂದೆ ಒಣ ಮುರುಂ (ಗರಸು ಮಣ್ಣು) ಇದೆ ಅಂದುಕೊಂಡರೆ ಒಂದು ಮೀಟರ್ ಉದ್ದಕ್ಕೆ 2.7 ಟನ್ ತಳ್ಳು ಬರುತ್ತದೆ. ಮಗುಚುವುದರ ವಿರುದ್ಧ ಸೇಫ್ಟಿ, ಅಂದರೆ ತಡೆಯುವ ಶಕ್ತಿ ತಳ್ಳಿನ ಎಷ್ಟು ಪಟ್ಟು ಅನ್ನುವುದು, ಎರಡೂವರೆ ಹತ್ತಿರ, ಜಾರುವುದಕ್ಕೆ 1.7. ಅದೇ ಮಣ್ಣಲ್ಲಿ ಮೇಲಿನವರೆಗೆ ನೀರು ನಿಂತರೆ ತಳ್ಳು ಆರು ಟನ್ ಮುಟ್ಟುತ್ತದೆ, ಜಾರುವ ಲೆಕ್ಕ ಒಂದಕ್ಕಿಂತ ಕೆಳಗೆ ಹೋಗುತ್ತದೆ. ಅಂದರೆ ಗೋಡೆ ಗಟ್ಟಿಯೇ ಇತ್ತು, ಅದರ ಹಿಂದೆ ಇದ್ದದ್ದೇ ಸರಿ ಇರಲಿಲ್ಲ.

ಎರೆಮಣ್ಣಿನ ಉಬ್ಬು ಈ ಲೆಕ್ಕದಲ್ಲಿ ಬರುವುದೇ ಇಲ್ಲ, ಅದನ್ನು ಬೇರೆ ನೋಡಬೇಕು. ಹತ್ತು ಗ್ರಾಂ ಜರಡಿ ಹಿಡಿದ ಮಣ್ಣು ನೀರಿಗೆ, ಹತ್ತು ಗ್ರಾಂ ಸೀಮೆಎಣ್ಣೆಗೆ ಹಾಕಿ ಒಂದು ದಿನ ಬಿಟ್ಟೆ. ಫ್ರೀ ಸ್ವೆಲ್, ಅಂದರೆ ಸೀಮೆಎಣ್ಣೆಯಲ್ಲಿದ್ದದ್ದಕ್ಕಿಂತ ನೀರಲ್ಲಿ ಎಷ್ಟು ಹೆಚ್ಚು ಉಬ್ಬಿತು ಅನ್ನುವುದು, ಶೇಕಡ 110ರ ಆಸುಪಾಸು ಬಂತು. ಮಣ್ಣಿನ ವರ್ಗ ಹೇಳುವ ಭಾರತೀಯ ಮಾನದಂಡ ಐಎಸ್ 1498ರ ಪ್ರಕಾರ ನೂರು ದಾಟಿದರೆ ಅಪಾಯದ ಮಣ್ಣು. ಕುತೂಹಲಕ್ಕೆ ಬೀದರಿನ ಕೆಂಪು ಮಣ್ಣನ್ನೂ ತಂದು ಅದೇ ಟೆಸ್ಟ್ ಮಾಡಿದೆ, ಹೆಚ್ಚುಕಡಿಮೆ ಉಬ್ಬಲೇ ಇಲ್ಲ. ಅಲ್ಲಿಯ ಜಂಬಿಟ್ಟಿಗೆ ಕಲ್ಲು ನೀರನ್ನು ಸಲೀಸಾಗಿ ಬಿಡುತ್ತದೆ. ಬೀದರ್ ಪಕ್ಕದ ನೌಬಾದಿನ ಕರೇಜ್, ಅಂದರೆ ನೆಲದಡಿಯ ಹಳೇ ನೀರಿನ ಸುರಂಗಗಳು, ಆ ಕಲ್ಲಿನಿಂದ ಜಿನುಗುವ ನೀರನ್ನೇ ನಂಬಿ ತೋಡಿದವು. ಬೀದರಿನ ಗೋಡೆಯ ಅನುಭವವನ್ನು ಕಲಬುರಗಿಗೆ ತಂದು ಹಾಕಬೇಡಿ.

ಗೋಡೆ ಇನ್ನೂ ಸರಿಯುತ್ತಿದೆಯಾ ಅನ್ನುವುದು ತಿಳಿಯಬೇಕಿತ್ತು. ಬಿರುಕಿಗೆ ಅಡ್ಡ ಗಾಜಿನ ಪಟ್ಟಿ ಅಂಟಿಸಿದರೆ ನಮ್ಮ ಮೇ ತಿಂಗಳ ಬಿಸಿಲಿಗೆ ಅವು ಎದ್ದು ಬಂದವು. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಪಟ್ಟಿಯೂ ನಿಲ್ಲಲಿಲ್ಲ. ಕೊನೆಗೆ ಬಿರುಕಿನ ಎರಡೂ ಬದಿ ಸ್ಟೀಲ್ ಮೊಳೆ ಕೂರಿಸಿ, ನಡುವಿನ ದೂರವನ್ನು ಸೂಕ್ಷ್ಮ ಅಳತೆಯ ವರ್ನಿಯರ್ ಉಪಕರಣದಲ್ಲಿ ಅಳೆದೆವು. ಮಧ್ಯಾಹ್ನದ ಅಳತೆಗೂ ಬೆಳಿಗ್ಗೆಯದಕ್ಕೂ ತಾಳೆಯೇ ಆಗುತ್ತಿರಲಿಲ್ಲ. ಸೂರ್ಯ ಹುಟ್ಟುವ ಮೊದಲು ಅಳೆಯಲು ಶುರು ಮಾಡಿದ ಮೇಲೆ ಅಂಕಿಗಳು ಮಾತಾಡಿದವು. ಬೇಸಿಗೆ ಪೂರ್ತಿ ಗೋಡೆ ಅಲುಗಲಿಲ್ಲ. ಮಿರಗದ ಮೊದಲ ಮಳೆ ಬಿದ್ದ ವಾರದಲ್ಲೇ ಬಿರುಕು ಎರಡು ಮಿಲಿಮೀಟರಿನಷ್ಟು ಬಾಯಿ ಬಿಟ್ಟಿತು. ಎರೆಮಣ್ಣು ಒಣಗಿ ಗೋಡೆಯ ಹಿಂದೆ ಸೀಳು ಬಿಟ್ಟಿರುತ್ತದಲ್ವಾ, ಮಳೆ ನೀರು ಅದರೊಳಗಿಂದ ನೇರ ಬುಡಕ್ಕೆ ಹೋಗುತ್ತದೆ.

ಮಳೆ ಇಲ್ಲದಾಗಲೂ ಒಂದು ಮೂಲೆ ಹಸಿಯಾಗಿತ್ತು. ಮಾಲಕರ ನೀರಿನ ಸಂಪಿನೊಳಗೆ ಬಟ್ಟೆಗೆ ಹಾಕುವ ನೀಲಿ ಕಲಸಿ ಬಿಟ್ಟೆ. ಕೆಲವು ದಿನ ಕಳೆದ ಮೇಲೆ ಕಲ್ಲಿನ ಸಂದಿಯಲ್ಲಿ ನೀಲಿ ಕಾಣಿಸಿತು. ಸಂಪು ಸೋರುತ್ತಿತ್ತು!

ಮುಂದಿನ ಬೇಸಿಗೆಯಲ್ಲಿ ಕೆಲಸ ಹಿಡಿದೆವು. ಹಿಂದಿನ ಎರೆಮಣ್ಣನ್ನು ಹತ್ತತ್ತಡಿ ತುಂಡು ಮಾಡಿ ತೆಗೆದು, ಪ್ರತಿ ತುಂಡು ತುಂಬಿದ ಮೇಲೇ ಮುಂದಿನದಕ್ಕೆ ಕೈ ಹಾಕಿದೆವು. ಗೋಡೆಗೆ ಒತ್ತಿ ಒಂದಡಿ ಖಡಿ (ಜಲ್ಲಿ), ಮಣ್ಣು ತಡೆದು ನೀರು ಮಾತ್ರ ಬಿಡುವ ಬಟ್ಟೆ, ಬುಡದಲ್ಲಿ ತೂತಿನ ಪೈಪು, ಅದರ ಹಿಂದೆ ಮುರುಂ ಪದರ ಪದರವಾಗಿ. ಹೊಟ್ಟೆ ಬಿಟ್ಟ ಭಾಗ ಬಿಚ್ಚಿ, ಗೋಡೆಯ ಅಗಲಕ್ಕೂ ಹಾಯುವ ಉದ್ದ ಕಲ್ಲು ಇಟ್ಟು ಮತ್ತೆ ಕಟ್ಟಿಸಿದೆ. ಐದಡಿಗೊಂದು ಮೂರಿಂಚಿನ ವೀಪ್ ಹೋಲ್, ಅಂದರೆ ನೀರು ಹೊರಬರಲು ಗೋಡೆಯಲ್ಲಿ ಬಿಡುವ ತೂತು. ಮೇಲೆ ಸುಣ್ಣ ಕಲಸಿದ ಮಣ್ಣಿನ ಪದರ, ಅದರ ಮೇಲೆ ಹೊರಗೆ ಇಳಿಜಾರಿರುವ ಫರಸಿ. ಸುಣ್ಣ ಎಷ್ಟು, ಯಾವ ಹದಕ್ಕೆ ದಮ್ಮಸ್ಸು ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಹಲವು ವರ್ಷ ಮಣ್ಣು ಹಿಸುಕಿ ಕಲಿತದ್ದು.

ಮುರುಂ ಇಪ್ಪತ್ತು ಬ್ರಾಸ್ (ಒಂದು ಬ್ರಾಸ್ ಅಂದರೆ ನೂರು ಘನ ಅಡಿ) ಹತ್ತಿರ ಹೋಯಿತು. ಜೆಸಿಬಿ, ಗೌಂಡಿ, ಪೈಪು, ಹೊಸ ಸಂಪು ಎಲ್ಲಾ ಸೇರಿ ಎರಡೂಕಾಲು ಲಕ್ಷ ದಾಟಲಿಲ್ಲ ಅಂತ ನೆನಪು. ಜಾಸ್ತಿ ತಿಂದದ್ದು ಎರೆಮಣ್ಣು ಸಾಗಿಸಿದ ಟ್ರ್ಯಾಕ್ಟರ್ ಬಾಡಿಗೆ. ಹಾಕಲು ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ.

ಮಾಲಕರ ಜೊತೆ ನಿಜವಾದ ಜಗಳ ಆದದ್ದು ಮನೆಯ ಫೂಟಿಂಗ್ (ಕಾಲಮ್ಮಿನ ಪಾಯ) ವಿಷಯಕ್ಕೆ. ಅವರಿಗೆ ಗೋಡೆಗೆ ಅಂಟಿಯೇ ರೂಮು ಬೇಕಿತ್ತು. ಹೀಲ್‌ನಿಂದ, ಅಂದರೆ ಗೋಡೆ ಬುಡದ ಹಿಂಬದಿ ಅಂಚಿನಿಂದ, ಹಿಂದಕ್ಕೆ ಮೇಲ್ಮುಖವಾಗಿ 45 ಡಿಗ್ರಿ ಗೆರೆ ಎಳೆದು, ಫೂಟಿಂಗ್ ಆ ಗೆರೆಯ ಕೆಳಗೇ ಕೂರಬೇಕು ಅಂತ ಪಟ್ಟು ಹಿಡಿದೆ. ಇಲ್ಲದಿದ್ದರೆ ಮನೆಯ ಭಾರವೂ ಗೋಡೆಯನ್ನೇ ತಳ್ಳುತ್ತದೆ. ಅಂಚಿನ ಕಾಲಮ್ಮುಗಳು ಎಂಟಡಿ ಹಿಂದೆ ಹೋದವು, ಏಳಡಿ ಆಳದ ಗಟ್ಟಿ ಮುರುಂ ಮೇಲೆ ಕೂತವು. ಕಳೆದ ಜಾಗಕ್ಕೆ ಬದಲಾಗಿ ಮೇಲಂತಸ್ತಿನಲ್ಲಿ ಸ್ಲ್ಯಾಬ್ ಮೂರಡಿ ಚಾಚಿ ಕೊಟ್ಟೆ. ಈಗ ಅವರು ಸಂಜೆ ಕೂರುವುದು ಅಲ್ಲೇ.

ಇದನ್ನು ಕೇಳಿ ಸೇಡಂ ರಸ್ತೆ ಕಡೆಯಿಂದ ಇನ್ನೊಬ್ಬರು ಕರೆದರು. ಗುಂಡಿ ತೆಗೆಸಿದರೆ ಒಂಬತ್ತಡಿ ಗೋಡೆಗೆ ಬುಡ ಎರಡಡಿ ಅಷ್ಟೇ. ಬುಡ ಎತ್ತರದ ಮೂರನೇ ಒಂದು ಪಾಲೂ ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ. ಅದನ್ನು ಒಡೆಸಿ ಅಂತ ಹೇಳಿ ಬಂದೆ.