ಪಾವತಿ ಪುಸ್ತಕ

ಗದಗಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇದೆ. ಒಂದು ಮಿನಿ ಆಫ್‌ಸೆಟ್, ಒಂದು ಕಟಿಂಗ್ ಮಷೀನ್, ಕೈಯಲ್ಲಿ ಒತ್ತುವ ನಂಬರಿಂಗ್ ಮಷೀನ್, ನಾನು, ಒಬ್ಬ ಹುಡುಗ. ವರ್ಷದ ಅನ್ನ ಹುಟ್ಟುವುದು ಬೇಸಿಗೆಯ ಲಗ್ನಪತ್ರಿಕೆಗಳಲ್ಲಿ, ಉಳಿದ ದಿನ ಬಿಲ್ ಬುಕ್ಕು, ಪಾವತಿ ಪುಸ್ತಕ, ಅಂದರೆ ರಸೀದಿ ಬುಕ್ಕು. 2020ರಲ್ಲಿ ಅಕ್ಷಯ ತೃತೀಯೆ ಏಪ್ರಿಲ್ 26ಕ್ಕಿತ್ತು. ಅದನ್ನೇ ನಂಬಿ ಶಿವಕಾಶಿಯಿಂದ ಖಾಲಿ ಕಾರ್ಡು ತರಿಸಿ ಪೇರಿಸಿದ್ದೆ. ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ಆಗಲೇ ಅಚ್ಚಾಗಿದ್ದ ಪತ್ರಿಕೆ ಒಯ್ಯಲು ಯಾರೂ ಬರಲಿಲ್ಲ. ಒಂಬತ್ತು ಜೋಡಿ ವಧೂವರರು ನನ್ನ ಟೇಬಲ್ ಮೇಲೆ ಧೂಳು ತಿನ್ನುತ್ತ ಕೂತರು.

ಮಷೀನಿನ ಮೇಲೆ ಸಾಲವಿತ್ತು. ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಮೊದಲು ಮೇ ಕೊನೆಯವರೆಗೆ, ಆಮೇಲೆ ಆಗಸ್ಟ್ 31ರವರೆಗೆ ಅವಕಾಶ ಕೊಟ್ಟಿತು. ಬಡ್ಡಿಗೆ ಮಾತ್ರ ಲಾಕ್‌ಡೌನ್ ಇರಲಿಲ್ಲ. ರಾತ್ರಿ ಎರಡಕ್ಕೆ ಎದ್ದು ಕೂತು ಅದನ್ನೇ ಲೆಕ್ಕ ಹಾಕುತ್ತಿದ್ದೆ.

ನಾನು ಹುಟ್ಟು ಕ್ರೈಸ್ತ, ಬಾಸೆಲ್ ಮಿಶನ್ ಪರಂಪರೆಯ ಸಭೆಯವನು (ಚರ್ಚಿಗೆ ನಾವು ಸಭೆ ಅನ್ನುತ್ತೇವೆ). 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಶನ್ನಿನವರು ಕೆಲವೇ ವರ್ಷಗಳಲ್ಲಿ ಅಲ್ಲೊಂದು ಅಚ್ಚುಕೂಟ ಹಾಕಿದರು. ಹಾಗಾಗಿ ನನ್ನ ನಂಬಿಕೆ, ನನ್ನ ಕಸುಬು ಎರಡೂ ಒಂದೇ ಮನೆಯಿಂದ ಬಂದವು ಅಂತ ತಮಾಷೆ ಮಾಡುವುದುಂಟು. ಆದರೆ ಆ ಏಪ್ರಿಲ್‌ನಲ್ಲಿ ನಂಬಿಕೆ ಯಾವ ಕಪಾಟಿನಲ್ಲಿತ್ತೋ ನನಗೆ ಗೊತ್ತಿರಲಿಲ್ಲ. ಫೋನು ತೆರೆದರೆ ಒಬ್ಬರಲ್ಲ ಒಬ್ಬ ಬೋಧಕರು, ಇಷ್ಟು ಕಾಣಿಕೆ ಕಳಿಸಿ, ನಿಮ್ಮ ಸಾಲ ಬೇರುಸಹಿತ ಕಿತ್ತುಹೋಗುತ್ತದೆ ಅನ್ನುತ್ತಿದ್ದರು. ಅಂಥದ್ದನ್ನು ಕೇಳಿದಾಗ ನನಗೆ ಬ್ಯಾಂಕಿನವರೇ ಪ್ರಾಮಾಣಿಕರು ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಸಭೆಯ ಹುಡುಗರಿಬ್ಬರು ಮಾಸ್ಕ್ ಹಾಕಿಕೊಂಡು ಬಾಗಿಲಿಗೆ ಬಂದರು. ಕೈಯಲ್ಲಿ ಚೀಲ: ಐದು ಕಿಲೊ ಜೋಳ, ಒಂದು ಕಿಲೊ ತೊಗರಿಬೇಳೆ, ಎಣ್ಣೆ ಪಾಕೀಟು, ಎರಡು ಸಾಬೂನು.

“ಅಂಕಲ್, ಇದನ್ನ ಇಟ್ಕೋರಿ.”

“ನಮಗ್ಯಾಕೋ ತಮ್ಮಾ? ಇಲ್ಲದವ್ರಿಗೆ ಕೊಡ್ರಿ.”

ಸಭೆಯ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಐನೂರು ಕೂಗಿ ಒಯ್ದವನು ನಾನು. ಚೀಲ ಹೊರುವವರ ಸಾಲಿನಲ್ಲಿ ನಿಂತು ರೂಢಿ, ಚೀಲ ಬರುವ ಮನೆಯಲ್ಲಿ ನಿಂತು ರೂಢಿಯಿರಲಿಲ್ಲ. ಹುಡುಗರು ತಿರುಗುವಷ್ಟರಲ್ಲಿ ಒಳಗಿಂದ ನನ್ನ ಹೆಂಡತಿ ಬಂದು ಚೀಲ ಇಸಿದುಕೊಂಡಳು. ಅವರು ಓಣಿ ದಾಟುವವರೆಗೂ ಸುಮ್ಮನಿದ್ದು ಆಮೇಲೆ ಅಂದಳು: “ಇಲ್ಲದವ್ರಿಗೆ ಕೊಡ್ರಿ ಅಂದ್ರೆಲ್ಲ, ಹಿಟ್ಟಿನ ಡಬ್ಬಿ ಒಮ್ಮೆ ತಗದ್ ನೋಡ್ರಿ. ಆ ಇಲ್ಲದವ್ರು ನಾವ ಅದೀವಿ.”

ಅಂದು ರಾತ್ರಿ ಬೈಬಲ್ಲಿನಲ್ಲಿ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರಿಕೆ, ಅಂದರೆ ಕಾಗದ, ತೆಗೆದೆ. ಇದ್ದ ಸ್ಥಿತಿಯಲ್ಲೇ ಸಂತುಷ್ಟನಾಗಿರಲು ಕಲಿತಿದ್ದೇನೆ ಅಂತ ಪೌಲ ಬರೆಯುವ ನಾಲ್ಕನೇ ಅಧ್ಯಾಯ. ನಮ್ಮವರ ಕ್ಯಾಲೆಂಡರುಗಳಲ್ಲಿ ಎಷ್ಟೋ ಸಲ ಬರುವ ಮಾತು, ನಾನೇ ಅಚ್ಚು ಹಾಕಿದ್ದೇನೆ. ಆ ಸಾಲಿನ ಹಿಂದು ಮುಂದು ಏನಿದೆ ಅಂತ ನೋಡಿರಲಿಲ್ಲ. ಪೌಲ ಆಗ ಬಂದಿಖಾನೆಯಲ್ಲಿ. ಬದುಕುತ್ತೇನೋ ಸಾಯುತ್ತೇನೋ ಅವನಿಗೇ ಗೊತ್ತಿಲ್ಲ. ಫಿಲಿಪ್ಪಿಯ ಸಭೆಯವರು ಎಪಫ್ರೊದೀತ ಅನ್ನುವವನ ಕೈಯಲ್ಲಿ ಅವನಿಗೆ ಸಹಾಯ ಕಳಿಸಿದ್ದಾರೆ. ಆ ಎಪಫ್ರೊದೀತನೂ ಕಾಯಿಲೆ ಬಿದ್ದು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಾನೆ. ನೀವು ಕಳಿಸಿದ್ದು ನನಗೆ ಮುಟ್ಟಿತು ಅಂತ ತಿಳಿಸುವುದೂ ಆ ಪತ್ರಿಕೆಯ ಒಂದು ಕೆಲಸ.

ಮರುದಿನ ಪಾಸ್ಟರ್‌ಗೆ ಫೋನು ಹಚ್ಚಿದೆ. ಅವರು ಇನ್ನೊಂದು ಸಂಗತಿ ಹೇಳಿದರು. ಮುಟ್ಟಿತು ಅಂತ ಬರುವ ಆ ಅಧ್ಯಾಯದ 18ನೇ ವಚನದ ಗ್ರೀಕ್ ಮಾತು ‘ಅಪೆಖೊ’, ಆ ಕಾಲದ ಜನ ಪಾವತಿಯ ಮೇಲೆ ಬರೆದುಕೊಡುತ್ತಿದ್ದ ಮಾತಂತೆ. ಪೂರ್ತಿ ಮುಟ್ಟಿದೆ ಅಂತ. ಫೋನಿಟ್ಟು ಬಹಳ ಹೊತ್ತು ಕೂತೆ. ಇಷ್ಟು ವರ್ಷ ಪಾವತಿ ಪುಸ್ತಕ ಅಚ್ಚು ಹಾಕಿದವನು ನಾನು! ಸಂತುಷ್ಟಿ ಅಂದರೆ ಯಾರ ಹಂಗೂ ಇಲ್ಲದೆ ಇರುವುದು ಅಂದುಕೊಂಡಿದ್ದೆ. ಈ ಮನುಷ್ಯ ಸಂತುಷ್ಟಿಯ ಮಾತನ್ನು, ಬೇರೆಯವರು ಕಳಿಸಿದ್ದನ್ನು ಇಸಿದುಕೊಂಡು ಮುಟ್ಟಿತು ಅಂತ ಬರೆದುಕೊಡುವಾಗ ಹೇಳುತ್ತಿದ್ದಾನೆ. ಕೊರತೆಯಲ್ಲಿರುವುದನ್ನೂ ಕಲಿತಿದ್ದೇನೆ ಅನ್ನುತ್ತಾನೆ. ಆ ಪಾಠದಲ್ಲಿ ನಾನಿನ್ನೂ ಅಕ್ಷರಾಭ್ಯಾಸಕ್ಕೆ ಕೂತಿರಲಿಲ್ಲ.

ಪ್ರೆಸ್ಸಿನಲ್ಲಿ ಒಂದು ಉತ್ಸವ ಕಮಿಟಿಯವರ ಪಾವತಿ ಪುಸ್ತಕ ಹತ್ತು ಬಿದ್ದಿದ್ದವು. ಉತ್ಸವ ರದ್ದಾಗಿ ಅವರು ಒಯ್ದಿರಲಿಲ್ಲ. ಒಂದನ್ನು ಮನೆಗೆ ತಂದು, ನಡುವೆ ಕಾರ್ಬನ್ ಇಟ್ಟು 001 ಬರೆದೆ. ‘ಇವರಿಂದ’ ಅನ್ನುವಲ್ಲಿ: ಸಭೆ. ‘ಬಾಬತ್ತು’ ಅನ್ನುವಲ್ಲಿ: ಜೋಳ, ಬೇಳೆ, ಎಣ್ಣೆ, ಸಾಬೂನು. ಅಂದಿನಿಂದ ರಾತ್ರಿ ಪ್ರಾರ್ಥನೆಗೆ ಮುಂಚೆ ಒಂದು ಹಾಳೆ. ಪಕ್ಕದ ಮನೆಯವರು ಕೊಟ್ಟ ಮೆಂತ್ಯ ಸೊಪ್ಪು, ಕಾಗದದ ವ್ಯಾಪಾರಿ ಫೋನ್ ಮಾಡಿ ‘ಅವಸರಿಲ್ರಿ’ ಅಂದದ್ದು, ಒಂದು ರಾತ್ರಿಯ ಪೂರ್ತಿ ನಿದ್ದೆ. ಸಾಲ ಕಮ್ಮಿಯಾಗಲಿಲ್ಲ. ಎರಡಕ್ಕೆ ಏಳುವುದೂ ಒಮ್ಮೆಲೇ ನಿಲ್ಲಲಿಲ್ಲ, ಎದ್ದರೆ ಲೆಕ್ಕದ ನೋಟ್‌ಬುಕ್ಕಿನ ಬದಲು ಇದನ್ನು ತೆಗೆಯುತ್ತಿದ್ದೆ. ಖಾಲಿ ಬಿಟ್ಟ ಹಾಳೆಗಳೂ ಇವೆ, ಸಿಟ್ಟಿನಲ್ಲಿ ಅಡ್ಡಗೆರೆ ಎಳೆದವೂ ಇವೆ. ಐವತ್ತೇ ಜನಕ್ಕೆ ಮದುವೆ ಬಿಟ್ಟಾಗ ಐವತ್ತು ಪತ್ರಿಕೆಯ ಆರ್ಡರು ಬಂತು. ಐನೂರಕ್ಕೂ ಐವತ್ತಕ್ಕೂ ಪ್ಲೇಟಿನ ಖರ್ಚು ಒಂದೇ. ಆದರೂ ಬರೆದೆ.

2021ರ ಮೇನಲ್ಲಿ ನನ್ನ ಅಣ್ಣ ಕೊರೊನಾದಿಂದ ಹೋದ. ನಾವು ಪ್ರಾರ್ಥನೆ ಮಾಡಿದ್ದೆವು, ಇಡೀ ಸಭೆ ಮಾಡಿತ್ತು. ನಂಬಿಕೆಯಿದ್ದರೆ ಹೀಗಾಗುವುದಿಲ್ಲ ಅನ್ನುವವರು ನನ್ನೆದುರು ಆ ಮಾತು ಆಡಬಾರದು. ಮನೆಯವರು ಹತ್ತಿರ ಹೋಗುವಂತಿರಲಿಲ್ಲ. ಸಭೆಯ ನಾಲ್ಕು ಹುಡುಗರು ಪಿಪಿಇ ಕಿಟ್ ಹಾಕಿಕೊಂಡು ಇಳಿಸಿದರು, ನಾವು ಕಾಂಪೌಂಡಿನ ಆಚೆ ನಿಂತು ಕೀರ್ತನೆ ಹೇಳಿದೆವು. ಅಂದು ರಾತ್ರಿ ನಾನು ಪುಸ್ತಕ ಮುಟ್ಟಲಿಲ್ಲ. ವಾರದ ನಂತರ ತೆರೆದಾಗ ಆ ತಾರೀಖಿನ ಹಾಳೆ ನನ್ನ ಹೆಂಡತಿಯ ಅಕ್ಷರದಲ್ಲಿ ತುಂಬಿತ್ತು. ಇವರಿಂದ: ನಾಲ್ಕು ಹುಡುಗರು. ಬಾಬತ್ತು: ಮಣ್ಣು.

ಮಷೀನಿನ ಸಾಲ ಇನ್ನೂ ಸ್ವಲ್ಪ ಇದೆ. ಪತ್ರಿಕೆ ಬದಲು ವಾಟ್ಸಾಪಿನಲ್ಲಿ ವಿಡಿಯೊ ಕಳಿಸುವವರು ಹೆಚ್ಚಾಗಿದ್ದಾರೆ, ಈ ಕಸುಬು ಇನ್ನೆಷ್ಟು ದಿನವೋ. ಉತ್ಸವ ಮತ್ತೆ ಶುರುವಾದ ವರ್ಷ ಆ ಕಮಿಟಿಯ ಹಿರಿಯರು ಬಂದು ಪುಸ್ತಕ ಎಣಿಸಿಕೊಂಡರು. ಆರೇ ಇದ್ದವು. “ಇನ್ನ ನಾಕು ಎಲ್ಲಿ ಹೋದ್ವು?” ಅಂದರು. ನಾಳೆ ಕೊಡ್ತೀನ್ರಿ ಅಂದು, ನಂಬರಿಂಗ್ ಮಷೀನನ್ನು ಮತ್ತೆ 001ಕ್ಕೆ ತಿರುಗಿಸಿದೆ.